ತಪ್ಪಿದರೆ ಎದೆ ಏಳದ ಕೂಸು: ಹೆರಿಗೆ ಕೋಣೆಯ ಅಭ್ಯಾಸಕ್ಕಾಗಿ ಗೊಂಬೆ ಕಟ್ಟಿದ ವಿವರ

ಹುಟ್ಟಿದ ಮಗು ತಾನಾಗಿ ಉಸಿರಾಡದಿದ್ದಾಗ ಹೆರಿಗೆ ಕೋಣೆಯಲ್ಲಿರುವವರಿಗೆ ಸಿಗುವ ಅವಧಿ ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಮೈ ಒರೆಸಬೇಕು, ಬೆನ್ನು ಉಜ್ಜಬೇಕು, ಅಗತ್ಯವಿದ್ದರೆ ಮೊದಲು ಬಾಯಿಯನ್ನೂ ಆಮೇಲೆ ಮೂಗನ್ನೂ ಶುಚಿ ಮಾಡಬೇಕು. ಇಷ್ಟಾದರೂ ಉಸಿರು ಬಾರದಿದ್ದರೆ ಆ ನಿಮಿಷ ಮುಗಿಯುವುದರೊಳಗೆ ಬ್ಯಾಗ್ (ಕೈಯಿಂದ ಹಿಂಡುವ ಗಾಳಿಚೀಲ) ಮತ್ತು ಅದರ ತುದಿಗೆ ಜೋಡಿಸಿದ, ಬಾಯಿ ಮೂಗು ಮುಚ್ಚುವ ಮಾಸ್ಕ್ ಹಿಡಿದು ಗಾಳಿ ಕೊಡಲು ಆರಂಭಿಸಿರಬೇಕು. ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಇಂಥ ಯಾವುದಾದರೊಂದು ನೆರವು ಬೇಕಾಗುತ್ತದೆ, ಬ್ಯಾಗ್ ಹಿಡಿಯಲೇಬೇಕಾದ ಪ್ರಸಂಗ ಅದಕ್ಕಿಂತಲೂ ಕಡಿಮೆ. ಹೀಗಾಗಿ ತಿಂಗಳಿಗೆ ಬೆರಳೆಣಿಕೆಯ ಹೆರಿಗೆಗಳಾಗುವ ಸಣ್ಣ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯೊಬ್ಬರಿಗೆ ನಿಜವಾದ ಮಗುವಿನ ಮೇಲೆ ಕೈ ಪಳಗುವ ಅವಕಾಶ ಸಿಗುವುದೇ ಇಲ್ಲ ಎನ್ನಬಹುದು. ಆದರೆ ಪಳಗಿದ ಕೈ ಬೇಕೇ ಬೇಕಾಗುವ ಗಳಿಗೆ ಯಾವ ರಾತ್ರಿಯಾದರೂ ಬಂದೀತು. ಗೊಂಬೆಯ ಮೇಲೆ ಅಭ್ಯಾಸ ಮಾಡುವುದು ಈ ಕಾರಣಕ್ಕೆ.

ನಾನು ಆಸ್ಪತ್ರೆಯ ಉಪಕರಣಗಳನ್ನು ದುರಸ್ತಿ ಮಾಡುವವನು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಿಂದ ನನ್ನ ಮೇಜಿಗೆ ಬಂದ ತರಬೇತಿ ಗೊಂಬೆಯ ಕುತ್ತಿಗೆ ಹರಿದಿತ್ತು, ಯಾರೋ ಅದರೊಳಗೆ ಗಟ್ಟಿ ಪ್ಲಾಸ್ಟಿಕ್ ನಳಿಕೆಯೊಂದನ್ನು ತೂರಿಸಿ ಟೇಪು ಸುತ್ತಿದ್ದರು. ನೋಡುವುದಕ್ಕೆ ಗೊಂಬೆ ಸರಿಹೋದಂತೆಯೇ ಇತ್ತು. ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದರೆ ಎದೆಯೂ ಏಳುತ್ತಿತ್ತು. ಆದರೆ ಗದ್ದ ಎದೆಗೆ ತಾಗುವಂತೆ ತಲೆ ಬಾಗಿಸಿದರೂ ಎದೆ ಏಳುತ್ತಿತ್ತು, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿದರೂ ಏಳುತ್ತಿತ್ತು. ನಿಜವಾದ ಮಗುವಿನಲ್ಲಿ ಈ ಎರಡೂ ಭಂಗಿಗಳಲ್ಲಿ ಶ್ವಾಸನಾಳದ ದಾರಿ ಮುಚ್ಚಿಕೊಳ್ಳುತ್ತದೆ. ಅಂಥ ಗೊಂಬೆಯ ಮೇಲೆ ಕಲಿತವರು ತಪ್ಪು ಭಂಗಿಯನ್ನು ಸರಿಯೆಂದು ನಂಬಿ ಹೋಗುತ್ತಾರೆ, ನಿಜವಾದ ಮಗುವಿನ ಎದೆ ಏಳದಿದ್ದಾಗ ಏನನ್ನು ತಿದ್ದಿಕೊಳ್ಳಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ಕೆಟ್ಟುಹೋಗಿರುವ ಗೊಂಬೆಗಿಂತ ಇಂಥ ಗೊಂಬೆ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸಿತು. ಹಳೆಯದರ ಕುತ್ತಿಗೆಗೆ ಬೇಕಾದ ಬಿಡಿಭಾಗ ಸಿಗಲಿಲ್ಲ. ಆದುದರಿಂದ ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದಲೇ, ತಪ್ಪು ಮಾಡಿದರೆ ಎದೆ ಏಳದೆ ಇರುವ ಒಂದು ಗೊಂಬೆಯನ್ನು ಹೊಸದಾಗಿ ಕಟ್ಟಿದೆ. ಆ ಕೆಲಸದ ವಿವರ ಇದು.

ಕಟ್ಟುವ ಮುನ್ನ ಓದಿದ ಒಂದೆರಡು ಸಂಗತಿಗಳು ಗೊಂಬೆಯ ರೂಪವನ್ನು ನಿರ್ಧರಿಸಿದವು. ಭಾರತ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಆರಂಭವಾದದ್ದು 2009ರಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸಂಪನ್ಮೂಲ ಕಡಿಮೆಯಿರುವ ದೇಶಗಳಿಗಾಗಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯನ್ನು ಹೊರತಂದದ್ದು 2010ರಲ್ಲಿ. ಎರಡರಲ್ಲೂ ಗೊಂಬೆಯ ಮೇಲಿನ ಕೈಕೆಲಸವೇ ಮುಖ್ಯ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಹೆರಿಗೆ ಮಾಡಿಸುವ 599 ಮಂದಿ ಈ ಎರಡನೆಯ ತರಬೇತಿಯನ್ನು ಪಡೆದ ಮೇಲೆ, ಸತ್ತು ಹುಟ್ಟಿದವೆಂದು ದಾಖಲಾಗುವ ಶಿಶುಗಳ ಪ್ರಮಾಣ ಶೇ. 3.0ರಿಂದ 2.3ಕ್ಕೆ ಇಳಿಯಿತು, ನವಜಾತ ಶಿಶುಗಳ ಮರಣ ಪ್ರಮಾಣದಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ನಿಶ್ಚಲವಾಗಿ ಹುಟ್ಟಿದ ಮಗುವಿಗೂ ಪ್ರಯತ್ನ ಮಾಡಿ ನೋಡಿದರೆ ಕೆಲವು ಉಸಿರಾಡುತ್ತವೆ ಎಂಬುದನ್ನು ಆ ಅಂಕಿಗಳಲ್ಲಿ ನಾನು ಓದಿಕೊಂಡೆ. ಟಾಂಜಾನಿಯಾದ ಹೇಡಮ್ ಲೂಥರನ್ ಆಸ್ಪತ್ರೆಯ ಅನುಭವ ಇನ್ನೊಂದು ಬಗೆಯದು. ಅಲ್ಲಿ ಒಂದು ದಿನದ ತರಬೇತಿಯಿಂದ ಗೊಂಬೆಯ ಮೇಲಿನ ಕೆಲಸ ಸುಧಾರಿಸಿತೇ ಹೊರತು ಹೆರಿಗೆ ಕೋಣೆಯಲ್ಲಿ ನಡೆಯುವ ಆರೈಕೆ ಸುಧಾರಿಸಲಿಲ್ಲ. ಆಮೇಲೆ ಗೊಂಬೆಯನ್ನು ಕೆಲಸದ ಸ್ಥಳದಲ್ಲಿಯೇ ಇರಿಸಿ ಆಗಾಗ ಸ್ವಲ್ಪ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದಾಗ ಮೊದಲ 24 ಗಂಟೆಗಳೊಳಗಿನ ಶಿಶುಮರಣ ಇಳಿಯಿತು. ಅಂದರೆ ಗೊಂಬೆ ತರಬೇತಿ ಕೇಂದ್ರದ ಕಪಾಟಿನಲ್ಲಿ ಕೂರುವಂಥದ್ದಾಗಬಾರದು. ಹುಟ್ಟಿದ ಮಗುವನ್ನು ಬೆಚ್ಚಗಿಡುವ ಮೇಜಿನ, ಅಂದರೆ ವಾರ್ಮರಿನ, ಪಕ್ಕದಲ್ಲಿ ಬಿದ್ದಿದ್ದು, ಯಾರು ಬೇಕಾದರೂ ಎತ್ತಿಕೊಂಡು ಐದು ನಿಮಿಷ ಅಭ್ಯಾಸ ಮಾಡಿ ಇಟ್ಟುಹೋಗುವಂತಿರಬೇಕು. ಒದ್ದೆ ಬಟ್ಟೆಯಿಂದ ಉಜ್ಜಿದರೆ ಹಾಳಾಗಬಾರದು. ಹಾಳಾದರೆ ಊರಿನಲ್ಲೇ ಸರಿಪಡಿಸಲು ಬರಬೇಕು.

ಮುಖ

ಆಟಿಕೆ ಅಂಗಡಿಯಲ್ಲಿ ಸಿಗುವ, ಸುಮಾರು 50 ಸೆಂ.ಮೀ. ಉದ್ದದ ಟೊಳ್ಳು ಗೊಂಬೆಯೊಂದನ್ನು ಆರಿಸಿಕೊಂಡೆ. ತರಬೇತಿ ಗೊಂಬೆಗಳಿಗೂ ಆಟಿಕೆಗಳಿಗೂ ಹಳೆಯ ನಂಟಿದೆ: ಉಸಿರಾಟದ ನೆರವನ್ನು ಕಲಿಸುವ ಪ್ರಸಿದ್ಧ ‘ಆ್ಯನ್’ ಗೊಂಬೆಯನ್ನು 1960ರಲ್ಲಿ ತಯಾರಿಸಿದ ಆಸ್ಮುಂಡ್ ಲೇರ್ಡಾಲ್ ನಾರ್ವೆಯ ಸ್ತಾವಾಂಗರ್ ಊರಿನ ಆಟಿಕೆ ತಯಾರಕ. ಹೆಲ್ಪಿಂಗ್ ಬೇಬೀಸ್ ಬ್ರೀದ್ ತರಬೇತಿಯಲ್ಲಿ ಬಳಸುವ, ನೀರು ತುಂಬಿಸುವ ನಿಯೋನ್ಯಾಟಲಿ ಗೊಂಬೆಯೂ ಅದೇ ಮನೆತನದ ಸಂಸ್ಥೆಯದು. ಗೊಂಬೆ ಕೊಳ್ಳುವಾಗ ನಾನು ಅಂಗಡಿಗೆ ಅವಧಿ ತುಂಬಿ ಹುಟ್ಟಿದ ಮಗುವಿಗೆ ಬಳಸುವ 1ನೇ ಅಳತೆಯ ಮಾಸ್ಕನ್ನು ಜೊತೆಗೆ ಒಯ್ದಿದ್ದೆ. ಮಾಸ್ಕಿನ ಅಂಚು ಗದ್ದದ ತುದಿಯ ಮೇಲೆ ಕೂತು, ಬಾಯಿ ಮೂಗುಗಳನ್ನು ಮುಚ್ಚಿ, ಕಣ್ಣನ್ನು ತಾಗದೆ ನಿಲ್ಲಬೇಕು. ಬಹುಪಾಲು ಗೊಂಬೆಗಳ ಮುಖ ತೀರ ಚಿಕ್ಕದು, ಮಾಸ್ಕ್ ಕಣ್ಣಿನ ಮೇಲೆಯೇ ಬಂದು ಕೂರುತ್ತದೆ.

ಗೊಂಬೆಯ ಮುಖದ ಪ್ಲಾಸ್ಟಿಕ್ ಗಟ್ಟಿಯಾಗಿದ್ದರೆ ಎಷ್ಟು ಸರಿಯಾಗಿ ಹಿಡಿದರೂ ಗಾಳಿ ಸೋರುತ್ತದೆ. ಆದುದರಿಂದ ಮೂಗಿನ ಮೇಲ್ತುದಿಯಿಂದ ಗದ್ದದವರೆಗೆ ಮರಳು ಕಾಗದದಿಂದ ತಿಕ್ಕಿ, ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಅದರ ಮೇಲೆ ಸಿಲಿಕೋನ್ ಸೀಲಂಟ್ ಮತ್ತು ಕಾರ್ನ್‌ಫ್ಲೋರ್ ಕಲಸಿದ ಕಣಕವನ್ನು ಸುಮಾರು 5 ಮಿ.ಮೀ. ದಪ್ಪಕ್ಕೆ ಹಚ್ಚಿದೆ. ಬಚ್ಚಲುಮನೆಯ ಟೈಲ್ಸ್ ಸಂದಿಗೆ ತುಂಬುವ, ವಿನೆಗರ್ ವಾಸನೆ ಬರುವ ಸೀಲಂಟ್ ಇದಕ್ಕೆ ಸರಿಹೊಂದುತ್ತದೆ. ಕಾರ್ನ್‌ಫ್ಲೋರ್ ಬೆರೆತರೆ ಅದು ಒಳಗಿನಿಂದಲೂ ಬೇಗ ಗಟ್ಟಿಯಾಗುತ್ತದೆ. ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ತಿದ್ದಿದರೆ ಕೈಗೆ ಅಂಟುವುದಿಲ್ಲ. ಕೋಣೆಯ ಕಿಟಕಿ ತೆರೆದಿಟ್ಟು, ಕೈಗವಸು ತೊಟ್ಟು ಮಾಡಬೇಕಾದ ಕೆಲಸ ಇದು. ಸಿಲಿಕೋನ್ ಗೊಂಬೆಯ ಪ್ಲಾಸ್ಟಿಕ್ಕಿಗೆ ತಾನಾಗಿ ಅಂಟುವುದಿಲ್ಲ, ರಂಧ್ರಗಳ ಮೂಲಕ ಒಳಕ್ಕೆ ಇಳಿದ ಕಣಕವೇ ಮೊಳೆಯಂತೆ ಹಿಡಿದುಕೊಳ್ಳುತ್ತದೆ. ಕೆನ್ನೆಯ ಬಳಿ ತುಸು ತೆಳ್ಳಗೆ ಬಿಟ್ಟಿದ್ದೇನೆ. ಮಾಸ್ಕಿನ ಸೋರಿಕೆ ನಿಜವಾದ ಮಗುವಿನಲ್ಲೂ ಹೆಚ್ಚಾಗಿ ಅಂಚು ಸರಿಯಾಗಿ ಕೂರದ ಕಡೆಯೇ ಆಗುವುದರಿಂದ, ಕೈ ಸ್ವಲ್ಪ ಓರೆಯಾದರೆ ಸೋರಲಿ ಎಂಬುದು ಉದ್ದೇಶ.

ಬಾಯಿಯ ಹಿಂದೆ ಅರ್ಧ ಇಂಚಿನ ಸಿಪಿವಿಸಿ ಎಲ್ಬೋ (ನಲ್ಲಿ ಕೆಲಸದಲ್ಲಿ ಬಳಸುವ ಬಾಗಿದ ಪ್ಲಾಸ್ಟಿಕ್ ಪೈಪು ಜೋಡಣೆ) ಒಂದನ್ನು ಕೂರಿಸಿ, ಅದರ ಇನ್ನೊಂದು ಬಾಯಿಗೆ ಚಿಕ್ಕ ಪೈಪು ಸೇರಿಸಿ ಕುತ್ತಿಗೆಯ ಬುಡಕ್ಕೆ ಇಳಿಸಿದೆ. ಮೂಗಿನ ಹೊಳ್ಳೆಗಳೂ ಅದೇ ಎಲ್ಬೋಗೆ ತೆರೆದುಕೊಳ್ಳುತ್ತವೆ.

ಕುತ್ತಿಗೆ

ಇಡೀ ಗೊಂಬೆಯಲ್ಲಿ ಹೆಚ್ಚು ಯೋಚನೆ ಬೇಡಿದ ಭಾಗ ಇದು. ತಲೆಯಿಂದ ಇಳಿಯುವ ಪೈಪು, ಎದೆಯಿಂದ ಏರುವ ಪೈಪು, ಇವೆರಡರ ನಡುವೆ ಸುಮಾರು ಎರಡು ಸೆಂ.ಮೀ. ಸಂದು, ಆ ಸಂದನ್ನು ಸಣ್ಣ ಚಕ್ರದ ಸೈಕಲ್ಲಿನ ಕಿರಿದಾದ ಟ್ಯೂಬಿನ ತುಂಡೊಂದು ಮುಚ್ಚುತ್ತದೆ. ಎರಡು ತುದಿಗಳನ್ನೂ ಕೇಬಲ್ ಟೈಯಿಂದ ಬಿಗಿದಿದ್ದೇನೆ. ಎರಡು ಪೈಪುಗಳು ನೇರವಾಗಿದ್ದಾಗ ಟ್ಯೂಬು ದುಂಡಗೆ ತೆರೆದಿರುತ್ತದೆ, ಕೋನ ಹೆಚ್ಚಾದ ಕೂಡಲೇ ಒಳಮುಖವಾಗಿ ಮಡಿದು ದಾರಿ ಮುಚ್ಚುತ್ತದೆ. ಸಂದು ದೊಡ್ಡದಾದಷ್ಟೂ ಬೇಗ ಮಡಿಯುತ್ತದೆ, ಚಿಕ್ಕದಾದಷ್ಟೂ ತಡವಾಗಿ. ಹೀಗಾಗಿ ಪೈಪನ್ನು ಹಿಂದೆ ಮುಂದೆ ಸರಿಸಿ ಮಡಿಯುವ ಕೋನವನ್ನು ಹೊಂದಿಸಿಕೊಳ್ಳಬಹುದು. ಕೈಗವಸಿನ ತೆಳು ರಬ್ಬರನ್ನು ಇಲ್ಲಿ ಬಳಸಬಾರದು. ಅದು ಮಡಿಯುವುದೇನೋ ಚೆನ್ನಾಗಿ ಮಡಿಯುತ್ತದೆ, ಆದರೆ ಒತ್ತಡಕ್ಕೆ ಉಬ್ಬಿ ಶ್ವಾಸಕೋಶಕ್ಕೆ ಹೋಗಬೇಕಾದ ಗಾಳಿಯನ್ನು ತಾನೇ ತುಂಬಿಕೊಳ್ಳುತ್ತದೆ.

ಟ್ಯೂಬಿನ ಎರಡು ಬದಿಗೆ ಅಲ್ಯೂಮಿನಿಯಂ ಪಟ್ಟಿಗಳನ್ನು ಇಟ್ಟು, ಸಂದಿನ ನಟ್ಟನಡುವಿನ ಎತ್ತರದಲ್ಲಿ ಒಂದೊಂದು ಬೋಲ್ಟ್ ಹಾಕಿದರೆ ಅದೇ ಕುತ್ತಿಗೆಯ ಕೀಲು. ನಟ್ಟನ್ನು ಬಿಗಿ ಮಾಡಬಾರದು. ಉಸಿರಾಡದೆ ಹುಟ್ಟಿದ ಮಗುವಿನ ತಲೆ ಕೈಯಲ್ಲಿ ಜೋತು ಬೀಳುತ್ತದೆ. ಇಟ್ಟಲ್ಲೇ ನಿಲ್ಲುವ ಬಿಗಿ ಕುತ್ತಿಗೆ ಅಭ್ಯಾಸವನ್ನು ಅನಗತ್ಯವಾಗಿ ಸುಲಭ ಮಾಡುತ್ತದೆ. ಎದೆಯ ಪೈಪನ್ನು ತುಸು ವಾಲಿಸಿ ಕೂರಿಸಿದ್ದರಿಂದ, ಮೂಗು ಮೇಲ್ಛಾವಣಿಯ ಕಡೆಗೆ ನೋಡುತ್ತ ತಲೆ ಸ್ವಲ್ಪವೇ ಹಿಂದಕ್ಕೆ ಬಾಗಿದ ಭಂಗಿಯಲ್ಲಿ ಎರಡು ಪೈಪುಗಳು ನೇರವಾಗುತ್ತವೆ.

ನವಜಾತ ಶಿಶುವಿನ ತಲೆಯ ಹಿಂಭಾಗ ದೇಹದ ಪ್ರಮಾಣಕ್ಕೆ ದೊಡ್ಡದು. ಸಮತಟ್ಟಾದ ಹಾಸಿಗೆಯ ಮೇಲೆ ಮಲಗಿಸಿದರೆ ಅದು ತಲೆಯನ್ನು ಮುಂದಕ್ಕೆ ತಳ್ಳುತ್ತದೆ, ಗದ್ದ ಎದೆಯ ಕಡೆಗೆ ವಾಲುತ್ತದೆ. ಆಟಿಕೆ ಗೊಂಬೆಗಳಲ್ಲಿ ಈ ಉಬ್ಬು ಇರುವುದಿಲ್ಲ. ದಪ್ಪ ಫೋಮ್ ತುಂಡನ್ನು ಕೆತ್ತಿ ಹಿಂದಲೆಗೆ ಅಂಟಿಸಿ, ತಲೆಯೊಳಗೆ ಮರಳಿನ ಪೊಟ್ಟಣವಿಟ್ಟು ಭಾರ ಹೆಚ್ಚಿಸಿದ ಮೇಲೆ ಗೊಂಬೆ ಮಗುವಿನಂತೆಯೇ ವರ್ತಿಸತೊಡಗಿತು: ಸುಮ್ಮನೆ ಮಲಗಿಸಿದರೆ ಉಸಿರಿನ ದಾರಿ ಮುಚ್ಚಿರುತ್ತದೆ, ಹೆಗಲ ಕೆಳಗೆ ಸುಮಾರು ಎರಡು ಸೆಂ.ಮೀ. ದಪ್ಪದ ಬಟ್ಟೆ ಮಡಿಸಿ ಇಟ್ಟರೆ ತೆರೆದುಕೊಳ್ಳುತ್ತದೆ. ಬಟ್ಟೆ ಅತಿ ದಪ್ಪವಾದರೆ ತಲೆ ಹಿಂದಕ್ಕೆ ಬಿದ್ದು ಮತ್ತೆ ಮುಚ್ಚುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೈಯಲ್ಲಿ ಬ್ಯಾಗ್ ಗಟ್ಟಿಯಾಗಿ ನಿಂತು ಗಾಳಿ ಹೋಗದಿದ್ದಾಗ ಆಗುವ ತಿಳಿವಳಿಕೆಯೇ ಬೇರೆ.

ಶ್ವಾಸಕೋಶ ಮತ್ತು ಎದೆ

ಶ್ವಾಸಕೋಶಕ್ಕೆ ಬಲೂನು ಬಳಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬಲೂನನ್ನು ಊದಲು ಆರಂಭದಲ್ಲಿ ಹೆಚ್ಚು ಒತ್ತಡ ಬೇಕು, ಒಮ್ಮೆ ಹಿಗ್ಗತೊಡಗಿದರೆ ಮುಂದೆ ಕಡಿಮೆ ಒತ್ತಡ ಸಾಕು. ಅದರ ಮೇಲೆ ಕಲಿತವರ ಕೈ ಬ್ಯಾಗನ್ನು ಬಲವಾಗಿ ಹಿಂಡುವುದಕ್ಕೆ ಒಗ್ಗಿಕೊಳ್ಳುತ್ತದೆ. ಮೂರು ಕೆ.ಜಿ. ತೂಕದ ಮಗುವಿಗೆ ಒಂದು ಉಸಿರಿಗೆ ಬೇಕಾದದ್ದು ಕೆ.ಜಿ.ಗೆ 4ರಿಂದ 6 ಮಿ.ಲೀ. ಲೆಕ್ಕದಲ್ಲಿ 12ರಿಂದ 18 ಮಿ.ಲೀ. ಗಾಳಿ ಮಾತ್ರ; ನವಜಾತ ಶಿಶುವಿನ ಬ್ಯಾಗಿನಲ್ಲಿಯೋ 240 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ಅತಿಯಾಗಿ ಹಿಂಡಿದರೆ ಎಳೆಯ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಆದುದರಿಂದ ನನ್ನ ಗುರಿ, ಸುಮಾರು 20 ಸೆಂ.ಮೀ. ನೀರಿನ ಒತ್ತಡಕ್ಕೆ (ಅಷ್ಟು ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಹಾಕುವ ಒತ್ತಡ) ಸುಮಾರು 20 ಮಿ.ಲೀ. ಗಾಳಿ ಹಿಡಿದು, ಎದೆ ಮೃದುವಾಗಿ ಏಳುವ ಒಂದು ಚೀಲ.

ಚೀಲವನ್ನು ಹಾಲಿನ ಪ್ಯಾಕೆಟ್ಟಿನ ದಪ್ಪ ಪಾಲಿಥೀನಿನಿಂದ ಮಾಡಿದೆ. ತೊಳೆದು ಒಣಗಿಸಿದ ಹಾಳೆಯನ್ನು ಮಡಿಸಿ, ಅಂಚನ್ನು ಎರಡು ಗರಗಸದ ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಹೊರಚಾಚಿ ಹಿಡಿದು, ಮೇಣದಬತ್ತಿಯ ಜ್ವಾಲೆಯ ಪಕ್ಕದಲ್ಲಿ ಒಂದೇ ವೇಗದಲ್ಲಿ ಸಾಗಿಸಿದರೆ ಸಣ್ಣ ಅಂಗಡಿಯವರು ಪೊಟ್ಟಣ ಮುಚ್ಚುವಂಥ ಬೆಸುಗೆ ಬೀಳುತ್ತದೆ. ನಿಂತರೆ ತೂತಾಗುತ್ತದೆ, ಓಡಿಸಿದರೆ ಅಂಟುವುದಿಲ್ಲ. ಬೆಸುಗೆ ಹಾಕಿದ ಚೀಲವನ್ನು ಊದಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹುಡುಕುವ ರೀತಿಯಲ್ಲೇ ಗುಳ್ಳೆ ಬರುತ್ತದೆಯೇ ನೋಡಬೇಕು.

ಪಾಲಿಥೀನ್ ಹಿಗ್ಗುವುದಿಲ್ಲ, ಆದುದರಿಂದ ಪುಟಿಯುವ ಗುಣವನ್ನು ಹೊರಗಿನಿಂದ ಕೊಡಬೇಕು. ಚೀಲವನ್ನು ಎರಡು ಹಲಗೆಗಳ ನಡುವೆ ಇಟ್ಟೆ. ಹಲಗೆಗಳು ಮಕ್ಕಳ ಪರೀಕ್ಷೆ ಪ್ಯಾಡಿನಿಂದ ಕತ್ತರಿಸಿದವು, ಮೇಲಿನದು 7 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ಇಲ್ಲಿ ಲೆಕ್ಕ ಸರಳವಾಗಿದೆ. 20 ಸೆಂ.ಮೀ. ನೀರಿನ ಒತ್ತಡವೆಂದರೆ ಒಂದು ಚದರ ಸೆಂ.ಮೀ.ಗೆ 20 ಗ್ರಾಂ ಭಾರ. ಸುಮಾರು 50 ಚದರ ಸೆಂ.ಮೀ. ಹಲಗೆಗೆ ಅದು ಒಂದು ಕೆ.ಜಿ. ಆಗುತ್ತದೆ. ಅಷ್ಟು ವಿಸ್ತಾರದಲ್ಲಿ 20 ಮಿ.ಲೀ. ಗಾಳಿ ಸೇರಿದರೆ ಹಲಗೆ ಸರಾಸರಿ 4 ಮಿ.ಮೀ. ಏಳುತ್ತದೆ. ಹೊಟ್ಟೆಯ ಕಡೆಯ ಅಂಚಿಗೆ ಬಟ್ಟೆಯ ಟೇಪಿನಿಂದ ಕೀಲು ಕೊಟ್ಟದ್ದರಿಂದ ಹೆಗಲ ಕಡೆಯ ಅಂಚು ಅದರ ಎರಡರಷ್ಟು, ಅಂದರೆ 8 ಮಿ.ಮೀ. ಏಳುತ್ತದೆ, ಕಣ್ಣಿಗೆ ಕಾಣುವುದಕ್ಕೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಎದ್ದರೆ ಅತಿಯಾಯಿತೆಂದು ತಿಳಿಯುವುದಕ್ಕೂ ಸಾಕು.

ಹೀಗೆ 4 ಮಿ.ಮೀ. ಏರುವಷ್ಟರಲ್ಲಿ ಒಂದು ಕೆ.ಜಿ.ಯ ಎಳೆತ ಕೊಡುವ ರಬ್ಬರು ಬೇಕು. ದರ್ಜಿಗಳ ಎಲಾಸ್ಟಿಕ್ಕನ್ನು ಸುತ್ತಿದರೆ ಕೆಲಸ ಆಗುವುದಿಲ್ಲ. ಉದ್ದನೆಯ ಎಲಾಸ್ಟಿಕ್ ಇಷ್ಟು ಸಣ್ಣ ಏರಿಕೆಗೆ ಹೆಚ್ಚೇನೂ ಹಿಗ್ಗುವುದಿಲ್ಲ, ಅದರ ಎಳೆತ ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿರುತ್ತದೆ. ಆಗ ಚೀಲ ಒಂದು ಒತ್ತಡದವರೆಗೆ ಅಲುಗದೆ ಇದ್ದು ಆಮೇಲೆ ಒಮ್ಮೆಲೇ ಪೂರ್ತಿ ತುಂಬಿಬಿಡುತ್ತದೆ. ಸೈಕಲ್ ಟ್ಯೂಬಿನ ಗಿಡ್ಡ ಪಟ್ಟಿಗಳನ್ನು, ಸುಮಾರು 3 ಸೆಂ.ಮೀ. ಅಗಲ, ಮೂರೂವರೆ ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದರಂತೆ ಹಲಗೆಗಳ ನಡುಭಾಗದಲ್ಲಿ ಬಿಗಿದಾಗ ಗಾಳಿ ಹೆಚ್ಚಿದಂತೆ ಒತ್ತಡವೂ ಏರುವ ಹದ ಬಂತು. ಪಟ್ಟಿಯ ಅಗಲವನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋದರೆ ಶ್ವಾಸಕೋಶ ಮೆತ್ತಗಾಗುತ್ತದೆ. 50 ಮಿ.ಲೀ. ಸಿರಿಂಜಿನಿಂದ ಅಳತೆಯ ಗಾಳಿ ತುಂಬಿ ನೋಡಿದಾಗ 10 ಮಿ.ಲೀ.ಗೆ ಸುಮಾರು 12 ಸೆಂ.ಮೀ., 20 ಮಿ.ಲೀ.ಗೆ 20 ಸೆಂ.ಮೀ., 30 ಮಿ.ಲೀ.ಗೆ 28 ಸೆಂ.ಮೀ. ಒತ್ತಡ ಬಂತು. ಪಟ್ಟಿಗಳನ್ನು ತುಸು ಎಳೆದು ಕಟ್ಟಿರುವುದರಿಂದ ಮೊದಲ ಕೆಲವು ಸೆಂ.ಮೀ. ಒತ್ತಡಕ್ಕೆ ಎದೆ ಅಲುಗುವುದಿಲ್ಲ. ದ್ರವ ತುಂಬಿದ ಶ್ವಾಸಕೋಶ ಮೊದಲ ಉಸಿರಿಗೆ ಒಡ್ಡುವ ತಡೆಯನ್ನು ಅದು ಸ್ವಲ್ಪಮಟ್ಟಿಗೆ ಹೋಲುತ್ತದೆ.

ಎದೆಯ ಪೈಪಿನಿಂದ ಚೀಲಕ್ಕೆ ಹೋಗುವ ಮೆದು ನಳಿಕೆಯನ್ನು ನೇರವಾಗಿ ಜೋಡಿಸದೆ, ಗೊಂಬೆಯ ಪಕ್ಕೆಯಿಂದ ಹೊರಗೆ ತಂದು ಮತ್ತೆ ಒಳಕ್ಕೆ ಸೇರಿಸಿದ್ದೇನೆ. ಹೊರಗಿರುವ ಆ ಕುಣಿಕೆ ಬಟ್ಟೆಯ ಕೆಳಗೆ ಕಲಿಸುವವರ ಬೆರಳಿಗೆ ಸಿಗುತ್ತದೆ. ಅವರು ಅದನ್ನು ಪೂರ್ತಿ ಹಿಸುಕಿದರೆ ಗಂಟಲಲ್ಲಿ ಲೋಳೆ ಸಿಕ್ಕಿಕೊಂಡ ಮಗು. ಕಲಿಯುವವರು ಮಾಸ್ಕನ್ನು ಮತ್ತೆ ಕೂರಿಸಿ, ತಲೆ ಸರಿಮಾಡಿ, ಬಾಯಿ ಮೂಗು ಶುಚಿ ಮಾಡಿ, ಬಾಯಿ ತುಸು ತೆರೆದು, ಆಮೇಲೆ ಸ್ವಲ್ಪ ಹೆಚ್ಚು ಒತ್ತಿ ನೋಡುವ ಕ್ರಮದಲ್ಲಿ ಶುಚಿಗೊಳಿಸುವ ಹಂತಕ್ಕೆ ಬಂದಾಗ ಬೆರಳು ಸಡಿಲಿಸುತ್ತಾರೆ. ಗೊಂಬೆಯಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಭಾಗ ಈ ಕುಣಿಕೆ.

ಹೊಕ್ಕುಳಬಳ್ಳಿ, ಮೈ, ಭಾರ

ಹೊಕ್ಕುಳಬಳ್ಳಿಗೆ ಕೈಗವಸಿನ ಒಂದು ಬೆರಳು, ಅದಕ್ಕೆ ಡ್ರಿಪ್ ನಳಿಕೆ, ನಳಿಕೆಯ ತುದಿಗೆ ರಬ್ಬರ್ ಬುಗ್ಗೆ. ಒಳಗೆ ಗಾಳಿಯ ಬದಲು ನೀರು ತುಂಬಬೇಕು, ಗಾಳಿ ಕುಗ್ಗುವುದರಿಂದ ಬಡಿತ ಬೆರಳಿಗೆ ತಾಗುವಷ್ಟು ತಲುಪುವುದಿಲ್ಲ. ಬುಗ್ಗೆ ಒತ್ತುವವರು ನಾಡಿಯನ್ನು ನಿಮಿಷಕ್ಕೆ 100ಕ್ಕಿಂತ ಮೇಲೆ ಅಥವಾ ಕೆಳಗೆ ಇಡುತ್ತಾರೆ. ಕಲಿಯುವವರು ಆರು ಸೆಕೆಂಡು ಎಣಿಸಿ ಹತ್ತರಿಂದ ಗುಣಿಸುತ್ತಾರೆ. ಅಳುವಿಗೆ ಯಾವ ಯಂತ್ರವನ್ನೂ ಇಟ್ಟಿಲ್ಲ, ಕಲಿಸುವವರ ಬಾಯಿಯೇ ಸಾಕು. ಹೊಟ್ಟೆ ತೊಡೆಗಳಲ್ಲಿ ಮರಳಿನ ಪೊಟ್ಟಣಗಳನ್ನಿಟ್ಟು ಒಟ್ಟು ತೂಕವನ್ನು ಮೂರು ಕೆ.ಜಿ.ಯ ಆಸುಪಾಸಿಗೆ ತಂದು, ಎದೆಯ ಜೋಡಣೆಯ ಮೇಲೆ ತೆಳು ಫೋಮ್, ಅದರ ಮೇಲೆ ರೆಕ್ಸಿನ್ ಹೊದಿಸಿದೆ. ನೀರು ಚಿಮುಕಿಸಿ ಒರೆಸುವ ಅಭ್ಯಾಸಕ್ಕೆ ಅದು ತಾಳಿಕೊಳ್ಳುತ್ತದೆ.

ಒತ್ತಡ ಅಳೆಯುವುದು

ಒತ್ತಡದ ಸೆನ್ಸರ್ ಮತ್ತು ಪರದೆಯನ್ನು ಜೋಡಿಸುವುದು ನನಗೆ ಕಷ್ಟವಿರಲಿಲ್ಲ, ಬೇಕೆಂದೇ ಬಿಟ್ಟೆ. ಹೆರಿಗೆ ಕೋಣೆಯಲ್ಲಿ ನೋಡಬೇಕಾದದ್ದು ಮಗುವಿನ ಎದೆಯನ್ನು; ಕಲಿಯುವಾಗಲೇ ಕಣ್ಣು ಅಂಕಿಗಳ ಕಡೆಗೆ ಹೋದರೆ ಅಂಕಿಗಳಿಲ್ಲದ ಕಡೆ ಕೈ ತಡವರಿಸುತ್ತದೆ. ಕಲಿಸುವವರಿಗೆ ಮಾತ್ರ ಕಾಣುವಂತೆ, ಹಲಗೆಯ ಮೇಲೆ ‘ಯು’ ಆಕಾರದಲ್ಲಿ ನಳಿಕೆ ಬಿಗಿದು ಶಾಯಿ ಬೆರೆಸಿದ ನೀರು ತುಂಬಿಸಿದ ಮಾಪಕವನ್ನು ಕುಣಿಕೆಗೆ ತ್ರೀ-ವೇ (ಮೂರು ಬಾಯಿಯ ನಳಿಕೆ ಜೋಡಣೆ) ಮೂಲಕ ಜೋಡಿಸಿದೆ. ಎರಡು ಕಡೆಯ ನೀರಿನ ಮಟ್ಟಗಳ ಅಂತರವೇ ಒತ್ತಡ. ಒಂದು ಕಡೆ 10 ಸೆಂ.ಮೀ. ಇಳಿದು ಇನ್ನೊಂದು ಕಡೆ 10 ಸೆಂ.ಮೀ. ಏರಿದರೆ 20 ಎಂದು ಓದಬೇಕು.

ಗಾರೆ ಕೆಲಸದವರ ಲೆವೆಲ್ ಪೈಪು ಇದಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅದನ್ನು ಬಳಸಬಾರದು. ಒಳ ಅಗಲ 8 ಮಿ.ಮೀ. ಇದ್ದರೆ ನೀರು 10 ಸೆಂ.ಮೀ. ಸರಿಯುವಷ್ಟರಲ್ಲಿ ಮಾಪಕವೇ 5 ಮಿ.ಲೀ. ಗಾಳಿಯನ್ನು ನುಂಗುತ್ತದೆ; 20 ಮಿ.ಲೀ. ಉಸಿರಿನಲ್ಲಿ ಅದು ಕಾಲು ಪಾಲು. 3 ಮಿ.ಮೀ. ಒಳ ಅಗಲದ ಡ್ರಿಪ್ ನಳಿಕೆಯಾದರೆ ನುಂಗುವುದು 0.7 ಮಿ.ಲೀ. ಮಾತ್ರ. ತೆಳು ನಳಿಕೆಯಲ್ಲಿ ನೀರು ಗೋಡೆಗೆ ಹಿಡಿದುಕೊಳ್ಳುವುದುಂಟು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಸರಾಗವಾಗಿ ಓಡುತ್ತದೆ. ನಳಿಕೆಯ ಎರಡು ಕಂಬಗಳೂ 60 ಸೆಂ.ಮೀ. ಎತ್ತರವಿದ್ದು ನಡುಮಟ್ಟಕ್ಕೆ ನೀರು ತುಂಬಿದ್ದರೆ ಒತ್ತಡ ಮಿತಿ ಮೀರಿದಾಗ ಗಾಳಿಯನ್ನು ಹೊರಬಿಡುವ, ಬ್ಯಾಗಿನ ಪಾಪ್-ಆಫ್ ವಾಲ್ವ್ ತೆರೆಯುವವರೆಗೂ ನೀರು ಹೊರಕ್ಕೆ ಹಾರುವುದಿಲ್ಲ.

ಈ ಮಾಪಕ ಗೊಂಬೆಗಷ್ಟೇ ಉಪಯೋಗಕ್ಕೆ ಬರಲಿಲ್ಲ. ಬ್ಯಾಗುಗಳನ್ನು ನೇರವಾಗಿ ಅದಕ್ಕೆ ಜೋಡಿಸಿ ಪರೀಕ್ಷಿಸಿದಾಗ, ಚೆನ್ನಾಗಿರುವ ಬ್ಯಾಗಿನಲ್ಲಿ ಒತ್ತಡ ಏರುತ್ತ ಹೋಗಿ 40ರ ಸುಮಾರಿಗೆ ವಾಲ್ವ್ ಸಿಳ್ಳೆಯಂಥ ಸದ್ದಿನೊಂದಿಗೆ ತೆರೆಯಿತು. ಇನ್ನೊಂದು ಬ್ಯಾಗಿನಲ್ಲಿ ಎಷ್ಟು ಹಿಂಡಿದರೂ ನೀರು 10 ದಾಟಲಿಲ್ಲ. ಬಿಚ್ಚಿ ನೋಡಿದರೆ ಬಾಲದ ಕಡೆ ಗಾಳಿ ಒಳಗೆ ಬರುವ ವಾಲ್ವಿನ ರಬ್ಬರ್ ಬಿಲ್ಲೆ ತೊಳೆದು ಜೋಡಿಸುವಾಗ ಮಡಿಸಿಕೊಂಡು ಕೂತಿತ್ತು. ಹಿಂಡಿದ ಗಾಳಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಸೋರುತ್ತಿತ್ತು. ಬಿಲ್ಲೆಯನ್ನು ಬಿಡಿಸಿ ಕೂರಿಸಿದ ಕೂಡಲೇ ಬ್ಯಾಗ್ ಸರಿಯಾಯಿತು. ಕೈಯಲ್ಲಿ ಹಿಡಿದಾಗ ಎರಡು ಬ್ಯಾಗುಗಳೂ ಒಂದೇ ತರಹ ಹಿಂಡಿಸಿಕೊಂಡು ಒಂದೇ ತರಹ ಉಬ್ಬುತ್ತಿದ್ದವು. ಅಂಗೈಯಿಂದ ಮಾಸ್ಕಿನ ಬಾಯಿಯನ್ನು ಪೂರ್ತಿ ಮುಚ್ಚಿ ಹಿಂಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ: ಸರಿಯಾದ ಬ್ಯಾಗ್ ಅಂಗೈಯನ್ನು ತಳ್ಳುತ್ತದೆ, ವಾಲ್ವ್ ಸದ್ದು ಮಾಡುತ್ತದೆ. ಪ್ರತಿ ಪಾಳಿಯ ಆರಂಭದಲ್ಲಿ ಈ ಪರೀಕ್ಷೆ ಆಗಲೇಬೇಕು. ಅದಕ್ಕೆ ಬೇಕಾಗುವುದು ಕೆಲವು ಸೆಕೆಂಡುಗಳು.

ಹೆರಿಗೆ ಕೋಣೆಯಲ್ಲಿ

ಗೊಂಬೆಯನ್ನು ನವಜಾತ ಶಿಶು ಆರೈಕೆಯ ಮೂಲೆಯಲ್ಲಿ, ವಾರ್ಮರ್ ಪಕ್ಕದ ಕಪಾಟಿನ ಮೇಲೆ ಇಟ್ಟಿದ್ದೇವೆ. ಅಭ್ಯಾಸದ ಬ್ಯಾಗ್ ಮತ್ತು ಮಾಸ್ಕಿಗೆ ಅಗಲವಾದ ಕೆಂಪು ಟೇಪು ಸುತ್ತಿ ಗೊಂಬೆಯ ಚೀಲದಲ್ಲೇ ಇರಿಸಲಾಗಿದೆ. ಮಕ್ಕಳಿಗೆ ಬಳಸುವ ಬ್ಯಾಗ್ ಗೊಂಬೆಯ ಬಳಿಗೆ ಬರಬಾರದು, ಗೊಂಬೆಯದು ವಾರ್ಮರಿನ ಮೇಲೆ ಹೋಗಬಾರದು. ಸೋಂಕಿನ ಭಯ ಒಂದು ಕಾರಣ, ತುರ್ತಿನಲ್ಲಿ ಕೈಗೆ ಬಂದ ಬ್ಯಾಗ್ ಸವೆದಿರಬಾರದೆಂಬುದು ಇನ್ನೊಂದು.

ಮೊದಲ ಅಭ್ಯಾಸದಲ್ಲೇ ಕೀಲಿನ ಸಡಿಲತನ ತನ್ನ ಕೆಲಸ ಮಾಡಿತು. ಕಿರಿಯ ಶುಶ್ರೂಷಾಧಿಕಾರಿಯೊಬ್ಬರು ಮಾಸ್ಕನ್ನು ಮುಖದ ಮೇಲೆ ಬಲವಾಗಿ ಅದುಮಿ ಹಿಡಿದು ಬ್ಯಾಗ್ ಒತ್ತುತ್ತಿದ್ದರು. ಸೋರಿಕೆಯ ಸದ್ದು ಇರಲಿಲ್ಲ, ಎದೆಯೂ ಏಳುತ್ತಿರಲಿಲ್ಲ.

“ಎದೀ ಏಳವಲ್ದರೀ ಅಕ್ಕಾರ,” ಎಂದರು.

“ಮಾಸ್ಕ್ ಕೆಳಗ ಒತ್ತಬ್ಯಾಡ. ಗದ್ದ ನೋಡು, ಎದಿಗೆ ಹತ್ತೇತಿ. ಮೂರು ಬಳ್ಳಿಲೆ ದವಡಿ ಮ್ಯಾಲೆತ್ತಿ ಹಿಡಿ,” ಎಂದು ಹಿರಿಯರು ಹೇಳಿದರು.

ಹೆಬ್ಬೆರಳು ತೋರುಬೆರಳು ಮಾಸ್ಕಿನ ಮೇಲೆ ಇದ್ದು, ಉಳಿದ ಬೆರಳುಗಳು ದವಡೆಯ ಮೂಳೆಯನ್ನು ಮಾಸ್ಕಿನ ಕಡೆಗೆ ಎತ್ತಿದ ಕ್ಷಣದಲ್ಲಿ ಕುತ್ತಿಗೆಯ ಟ್ಯೂಬು ನೇರವಾಯಿತು, ಎದೆ ಎದ್ದಿತು. “ಈಗ ಎದ್ದೈತಿ ನೋಡ್ರೀ,” ಎಂದು ಆ ಕಿರಿಯರು ನನ್ನ ಕಡೆ ತಿರುಗಿ ಹೇಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಮಾಸ್ಕನ್ನು ಮುಖಕ್ಕೆ ಅದುಮುವುದು ಮತ್ತು ಮುಖವನ್ನು ಮಾಸ್ಕಿಗೆ ಎತ್ತುವುದು, ಇವೆರಡರ ನಡುವಿನ ವ್ಯತ್ಯಾಸ ಹಳೆಯ ಗೊಂಬೆಯ ಮೇಲೆ ಎಷ್ಟು ದಿನ ಕಲಿತರೂ ತಿಳಿಯುವಂತಿರಲಿಲ್ಲ.

ಆಮೇಲೆ ಕಂಡ ತೊಂದರೆ ವೇಗದ್ದು. ನಿಮಿಷಕ್ಕೆ 40ರಿಂದ 60 ಉಸಿರು ಕೊಡಬೇಕು. ಗಾಬರಿಯಲ್ಲಿ ಕೈ ಬಹಳ ಬೇಗ ಓಡುತ್ತದೆ. ಆಗ ಗೊಂಬೆಯ ಎದೆ ಪೂರ್ತಿ ಇಳಿಯುವುದರೊಳಗೆ ಮುಂದಿನ ಗಾಳಿ ಬಂದು ಸೇರುತ್ತದೆ, ಮಾಪಕದ ನೀರು ಸೊನ್ನೆಗೆ ಮರಳುವುದೇ ಇಲ್ಲ. “ಒತ್ತು, ಎರಡು, ಮೂರು” ಎಂದು ಬಾಯಿಬಿಟ್ಟು ಎಣಿಸುತ್ತ, ಎರಡು ಮೂರು ಎನ್ನುವಾಗ ಕೈ ಸಡಿಲಿಸಿದರೆ ಲಯ ಕೂಡುತ್ತದೆ. ಹಿರಿಯ ಸಿಸ್ಟರ್ ಇದನ್ನು ಗೋಡೆಗೆ ಬರೆದು ಅಂಟಿಸಿದ್ದಾರೆ. ಪಾಳಿ ಬದಲಾಗುವ ಹೊತ್ತಿಗೆ ಹೆರಿಗೆ ಇಲ್ಲದಿದ್ದರೆ ಒಬ್ಬರು ಕಲಿಸುವವರಾಗಿ, ಇನ್ನೊಬ್ಬರು ಒಂಟಿಯಾಗಿ ರಾತ್ರಿ ಪಾಳಿಯಲ್ಲಿರುವವರಾಗಿ ಗಡಿಯಾರ ನೋಡುತ್ತ ಒಂದು ನಿಮಿಷದ ಅಭ್ಯಾಸ ಮಾಡುತ್ತಾರೆ. ಏನು ಮಾಡಿದೆವು, ಎಲ್ಲಿ ಹೊತ್ತು ಹೋಯಿತು ಎಂಬ ಮಾತುಕತೆಗೆ ಅದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ, ಹೋಗಲೂಬೇಕು. ಕೈಕೆಲಸದ ಸರಿತಪ್ಪುಗಳನ್ನು ನೋಡುವುದು ತರಬೇತಿ ಪಡೆದ ಮಕ್ಕಳ ವೈದ್ಯರು ಮತ್ತು ಹಿರಿಯ ಸಿಸ್ಟರ್. ನನ್ನ ಪಾಲಿನದು ಗೊಂಬೆಯನ್ನು ನಂಬಿಕೆಗೆ ಅರ್ಹವಾಗಿ ಇಡುವುದು.

ಅದಕ್ಕಾಗಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸೈಕಲ್ ಟ್ಯೂಬಿನ ರಬ್ಬರು ಮಡಿಕೆಯ ಜಾಗದಲ್ಲಿ ಕಾಲಕ್ರಮೇಣ ಬಿರಿಯುತ್ತದೆ, ಎದೆಯ ಪಟ್ಟಿಗಳು ಸಡಿಲವಾಗುತ್ತವೆ. ತಿಂಗಳ ಭೇಟಿಯಲ್ಲಿ ತಲೆ ಬಾಗಿಸಿ ಬ್ಯಾಗ್ ಒತ್ತಿ ಎದೆ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ, ತಲೆ ಹಿಂದಕ್ಕೆ ಚೆಲ್ಲಿ ಅದನ್ನೇ ಮಾಡುತ್ತೇನೆ, ಆಮೇಲೆ ಸಿರಿಂಜಿನಿಂದ 20 ಮಿ.ಲೀ. ತುಂಬಿ ಮಾಪಕ ನೋಡುತ್ತೇನೆ. ಅಂತರ 16ಕ್ಕಿಂತ ಕೆಳಗೆ ಬಂದರೆ ಪಟ್ಟಿ ಬದಲಿಸುತ್ತೇನೆ. ಕತ್ತರಿಸಿದ ಪಟ್ಟಿಗಳು, ಕೇಬಲ್ ಟೈ ಮತ್ತು ಒಂದು ಬಿಡಿ ಚೀಲವನ್ನು ಗೊಂಬೆಯ ಚೀಲದಲ್ಲೇ ಹಾಕಿಟ್ಟಿರುವುದರಿಂದ ನಾನು ಇಲ್ಲದಾಗಲೂ ಸಿಸ್ಟರ್‌ಗಳೇ ಬದಲಿಸಬಲ್ಲರು.

ಎರಡು ಸಂಗತಿಗಳನ್ನು ಈ ಗೊಂಬೆಯಲ್ಲಿ ಬಿಟ್ಟಿದ್ದೇನೆ. ಒತ್ತಡ ಅತಿಯಾದಾಗ ಗಾಳಿ ಹೊಟ್ಟೆಗೆ ನುಗ್ಗುವುದನ್ನು ತೋರಿಸುವ ಎರಡನೆಯ ಚೀಲ ಇದರಲ್ಲಿಲ್ಲ, ಎದೆಯ ಮೇಲೆ ಒತ್ತುವ ಅಭ್ಯಾಸಕ್ಕೂ ಈ ಹಲಗೆ ತಾಳುವುದಿಲ್ಲ. ಈಗ ಮೇಜಿನ ಮೇಲಿರುವುದು ಅವಧಿಗೆ ಮುನ್ನ ಹುಟ್ಟಿದ ಮಗುವಿನ ಗಾತ್ರದ ಇನ್ನೊಂದು ಗೊಂಬೆ. ಅದಕ್ಕೆ 0 ಅಳತೆಯ ಮಾಸ್ಕ್ ಕೂರುವ ಮುಖ, ಇನ್ನೂ ಚಿಕ್ಕ ಚೀಲ, ಇದಕ್ಕಿಂತ ಬಿಗಿಯಾದ ಎದೆ ಬೇಕು. ಹಲಗೆಯ ವಿಸ್ತಾರ ಅರ್ಧಕ್ಕೆ ಇಳಿಯುವುದರಿಂದ ಪಟ್ಟಿಯ ಅಗಲವನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದೇನೆ.